ಉಳಿದವನ ಪ್ರಶ್ನೆ: ಗಿಲ್ಗಮೇಶ್ ಕಾವ್ಯದಲ್ಲಿ ಮರಣಭಯ ಮತ್ತು ಅಮರತ್ವದ ಅನ್ವೇಷಣೆ

೧

ಮರಣಭಯ ಮತ್ತು ಅಮರತ್ವದ ಹಂಬಲ ಪ್ರಾಚೀನ ಪುರಾಣಗಳ ಮೂಲ ಆಶಯಗಳಲ್ಲಿ ಒಂದು. ಈ ಆಶಯವನ್ನು ತೌಲನಿಕವಾಗಿ ನೋಡಹೊರಟ ಭಾರತೀಯ ಓದುಗನಿಗೆ ಎರಡು ಪಾತ್ರಗಳು ತಾವಾಗಿಯೇ ಎದುರಾಗುತ್ತವೆ. ಒಂದು, ಕಠೋಪನಿಷತ್ತಿನ ನಚಿಕೇತ. ಇನ್ನೊಂದು, ಮೆಸೊಪೊಟೇಮಿಯದ ಗಿಲ್ಗಮೇಶ್. ಇಬ್ಬರೂ ಬದುಕಿರುವಾಗಲೇ ಮನುಷ್ಯಲೋಕದ ಗಡಿಯನ್ನು ದಾಟಿದವರು. ಸಾವಿನ ಮರ್ಮವನ್ನು ಬಲ್ಲವನ ಬಳಿಗೆ ಹೋಗಿ ಪ್ರಶ್ನಿಸಿದವರು. ಹೋಲಿಕೆ ಇಷ್ಟಕ್ಕೆ ನಿಲ್ಲುವುದಿಲ್ಲ, ಅದರ ಬೆನ್ನಿಗೇ ಒಂದು ತೀರ್ಪೂ ಬರುತ್ತದೆ. ನಚಿಕೇತ ಆತ್ಮವಿದ್ಯೆಯನ್ನು ಪಡೆದು ಮೃತ್ಯುವನ್ನು ಗೆದ್ದ. ಗಿಲ್ಗಮೇಶ್ ದೇಹದ ಅಮರತ್ವವನ್ನು ಹುಡುಕಿ ಬರಿಗೈಯಲ್ಲಿ ಮರಳಿದ. ಒಂದು ಗೆಲುವಿನ ಕಥೆ, ಮತ್ತೊಂದು ಸೋಲಿನ ಕಥೆ ಎಂಬ ಈ ತೀರ್ಪು ನೋಡಲು ಅಚ್ಚುಕಟ್ಟಾಗಿದೆ.

ಆದರೆ ಈ ತೀರ್ಪಿನಲ್ಲಿ ಒಂದು ಮೂಲಭೂತ ತಪ್ಪಿದೆ ಎಂಬುದು ಪ್ರಸ್ತುತ ಲೇಖನದ ವಾದ. ನಚಿಕೇತ ಮತ್ತು ಗಿಲ್ಗಮೇಶ್ ಕೇಳುತ್ತಿರುವ ಪ್ರಶ್ನೆ ಒಂದೇ ಅಲ್ಲ. ಸತ್ತವನು ಇರುತ್ತಾನೆಯೇ ಇಲ್ಲವೇ ಎಂಬುದು ನಚಿಕೇತನ ಪ್ರಶ್ನೆ. ಅವನು ಯಾರನ್ನೂ ಕಳೆದುಕೊಂಡವನಲ್ಲ. ಗಿಲ್ಗಮೇಶನ ಪ್ರಶ್ನೆ ಹುಟ್ಟುವುದು ಗೆಳೆಯನ ಹೆಣದ ಪಕ್ಕದಲ್ಲಿ. ಅದು ಸಾಯುವವನ ಪ್ರಶ್ನೆಯಲ್ಲ, ಉಳಿದವನ ಪ್ರಶ್ನೆ. ಮೊದಲನೆಯ ಪ್ರಶ್ನೆಯ ಅಳತೆಗೋಲಿನಿಂದ ಎರಡನೆಯದನ್ನು ಅಳೆದಾಗ ಕಾವ್ಯ ಸೋತಂತೆ ಕಾಣುವುದು ಸಹಜ. ಅದರ ಸ್ವಂತ ಪ್ರಶ್ನೆಯ ಬೆಳಕಿನಲ್ಲಿ ಅದನ್ನು ಓದಿದರೆ ಬೇರೆಯೇ ಒಂದು ಅರ್ಥ ತೆರೆದುಕೊಳ್ಳುತ್ತದೆ. ಹಾಗೆಯೇ ನಮ್ಮ ಪುರಾಣಗಳಲ್ಲಿ ಅದರ ನಿಜವಾದ ಒಡನಾಡಿಗಳು ಯಾರು ಎಂಬುದೂ ಸ್ಪಷ್ಟವಾಗುತ್ತದೆ.

೨

ಕಾವ್ಯದ ಪಠ್ಯಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಗಮನಿಸಬೇಕು. ಏಕೆಂದರೆ ಮುಂದಿನ ವಾದ ಅದನ್ನೇ ಅವಲಂಬಿಸಿದೆ. ಅಸ್ಸೀರಿಯದ ದೊರೆ ಅಶುರ್‌ಬನಿಪಾಲನ ನಿನೆವೆ ನಗರದ ಗ್ರಂಥಭಂಡಾರದಲ್ಲಿ ದೊರೆತ ಬೆಣೆಲಿಪಿಯ ಜೇಡಿಮಣ್ಣಿನ ಫಲಕಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪರಿಶೀಲಿಸುತ್ತಿದ್ದ ಜಾರ್ಜ್ ಸ್ಮಿತ್, ಅದರೊಳಗಿನ ಪ್ರಳಯದ ಕಥೆಯನ್ನು ೧೮೭೨ರ ಡಿಸೆಂಬರ್ ೩ರಂದು ಲಂಡನ್ನಿನ ವಿದ್ವತ್ಸಭೆಯೊಂದರಲ್ಲಿ ಓದಿದನು. ಬೈಬಲ್ಲಿನ ನೋಹನ ಕಥೆಗೆ ಅದು ಹೋಲುತ್ತಿದ್ದುದರಿಂದ ಎಲ್ಲರ ಗಮನ ಪ್ರಳಯದ ಭಾಗದ ಮೇಲೆಯೇ ನೆಟ್ಟಿತು. ಪ್ರಳಯದ ವೃತ್ತಾಂತ ಶೋಕತಪ್ತನಾದ ಒಬ್ಬ ಮನುಷ್ಯನಿಗೆ ಹೇಳಲಾದ ಕಥೆ ಎಂಬ ಸಂಗತಿ ಹಿನ್ನೆಲೆಗೆ ಸರಿಯಿತು.

ಈ ಕಾವ್ಯ ಒಂದೇ ಕಾಲದ, ಒಬ್ಬನೇ ಕವಿಯ ಕೃತಿಯಲ್ಲ. ಸುಮೇರಿಯನ್ ಭಾಷೆಯಲ್ಲಿ ಗಿಲ್ಗಮೇಶನನ್ನು ಕುರಿತ ಐದು ಬಿಡಿ ಕಥನಕವನಗಳಿವೆ. ಕ್ರಿ.ಪೂ. ೧೮ನೆಯ ಶತಮಾನದ ಸುಮಾರಿಗೆ ಅಕ್ಕೇಡಿಯನ್ ಭಾಷೆಯಲ್ಲಿ ಪ್ರಾಚೀನ ಬ್ಯಾಬಿಲೋನಿಯನ್ ರೂಪ ಸಿದ್ಧವಾಯಿತು. ಅದಾದ ಹಲವು ಶತಮಾನಗಳ ಮೇಲೆ ಸಿನ್-ಲೆಕಿ-ಉನ್ನಿನಿ ಎಂಬ ವಿದ್ವಾಂಸ ಅದನ್ನು ಹನ್ನೊಂದು ಫಲಕಗಳ ಕಾವ್ಯವಾಗಿ ಪರಿಷ್ಕರಿಸಿದನೆಂದು ಪರಂಪರೆ ಹೇಳುತ್ತದೆ. ಹನ್ನೆರಡನೆಯ ಫಲಕ ಒಂದು ಸುಮೇರಿಯನ್ ಕವನದ ಭಾಗಶಃ ಅನುವಾದ, ಅನಂತರ ಜೋಡಿಸಿದ್ದು. ಆಂಡ್ರ್ಯೂ ಜಾರ್ಜ್ ಅವರು ೨೦೦೩ರಲ್ಲಿ ಪ್ರಕಟಿಸಿದ ವಿಮರ್ಶಾತ್ಮಕ ಆವೃತ್ತಿಯಲ್ಲಿ ಈ ಎಲ್ಲ ಪದರಗಳೂ ಬೇರೆಬೇರೆಯಾಗಿ ಕಾಣಸಿಗುತ್ತವೆ. ಹಳೆಯ ರೂಪದಲ್ಲಿದ್ದು ಹೊಸ ರೂಪದಲ್ಲಿ ಬಿಟ್ಟುಹೋದದ್ದು ಯಾವುದು, ಹೊಸದಾಗಿ ಸೇರಿದ್ದು ಯಾವುದು ಎಂಬುದನ್ನು ಗಮನಿಸಿದರೆ ಪರಿಷ್ಕಾರಕನ ದೃಷ್ಟಿ ನಮಗೆ ತಿಳಿಯುತ್ತದೆ.

೩

ಗಿಲ್ಗಮೇಶ್ ಉರುಕ್ ನಗರದ ದೊರೆ. ಮೂರರಲ್ಲಿ ಎರಡು ಪಾಲು ದೇವತೆ, ಒಂದು ಪಾಲು ಮನುಷ್ಯ. ಪ್ರಜೆಗಳನ್ನು ಪೀಡಿಸುತ್ತಿದ್ದ ಅವನಿಗೆ ಸರಿಸಾಟಿಯಾಗಲೆಂದು ದೇವತೆ ಅರುರು ಜೇಡಿಮಣ್ಣನ್ನು ಚಿವುಟಿ ಎಂಕಿಡುವನ್ನು ಸೃಷ್ಟಿಸುತ್ತಾಳೆ. ಮೃಗಗಳೊಡನೆ ಬೆಳೆದ ಎಂಕಿಡು ನಗರಕ್ಕೆ ಬಂದು ಕಾದಾಡಿ ಗಿಲ್ಗಮೇಶನ ಗೆಳೆಯನಾಗುತ್ತಾನೆ. ಇಬ್ಬರೂ ದೇವದಾರುವಿನ ಕಾಡಿಗೆ ಹೋಗಿ ಅಲ್ಲಿನ ಕಾವಲುಗಾರ ಹುಂಬಾಬನನ್ನು ಕೊಲ್ಲುತ್ತಾರೆ. ಇಶ್ತಾರ್ ದೇವತೆ ಕಳುಹಿಸಿದ ಸ್ವರ್ಗದ ಗೂಳಿಯನ್ನೂ ಕೊಲ್ಲುತ್ತಾರೆ. ಇದಕ್ಕೆ ಪ್ರತಿಯಾಗಿ ಇಬ್ಬರಲ್ಲೊಬ್ಬ ಸಾಯಬೇಕೆಂದು ದೇವತೆಗಳು ನಿರ್ಣಯಿಸುತ್ತಾರೆ. ಎಂಕಿಡು ರಣರಂಗದಲ್ಲಲ್ಲ, ಹಾಸಿಗೆಯಲ್ಲಿ ನರಳಿ ಸಾಯುತ್ತಾನೆ.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. ಸಾವಿನ ಅರಿವು ಗಿಲ್ಗಮೇಶನಿಗೆ ಎಂಕಿಡುವಿನ ಮರಣದಿಂದ ಮೊದಲ ಬಾರಿಗೆ ಆದುದಲ್ಲ. ಹುಂಬಾಬನ ಮೇಲಿನ ದಂಡಯಾತ್ರೆಯ ಮುನ್ನವೇ ಅವನು ಸಾವಿನ ಬಗ್ಗೆ ನಿರಾಳವಾಗಿ ಮಾತನಾಡುತ್ತಾನೆ. ಶಾಶ್ವತವಾಗಿ ಬದುಕುವವರು ದೇವತೆಗಳು ಮಾತ್ರ, ಮನುಷ್ಯನ ದಿನಗಳು ಎಣಿಕೆಯವು, ಆದ್ದರಿಂದ ಹೆಸರನ್ನಾದರೂ ಸ್ಥಾಪಿಸೋಣ ಎಂಬುದು ಹಳೆಯ ರೂಪದಲ್ಲಿ ಅವನು ಗೆಳೆಯನಿಗೆ ಹೇಳುವ ಮಾತಿನ ಸಾರ. ಸುಮೇರಿಯನ್ ಕವನದಲ್ಲಂತೂ ಕೋಟೆಯ ಮೇಲಿನಿಂದ ನದಿಯಲ್ಲಿ ತೇಲುವ ಹೆಣಗಳನ್ನು ನೋಡಿದ ಮೇಲೆಯೇ ಅವನಿಗೆ ಕೀರ್ತಿಯ ಹಂಬಲ ಹುಟ್ಟುತ್ತದೆ. ಅಂದರೆ ಮನುಷ್ಯ ಮರ್ತ್ಯನೆಂಬ ತಿಳಿವಳಿಕೆ ಅವನಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ಕೀರ್ತಿಯೆಂಬ ಪರಿಹಾರವೂ ಸಿದ್ಧವಾಗಿತ್ತು. ಇಲ್ಲದಿದ್ದುದು ಭಯ.

ಭಯ ಹುಟ್ಟುವುದು ಹೆಣದ ಎದುರು. ಆರು ಹಗಲು ಏಳು ರಾತ್ರಿ ಅವನು ಎಂಕಿಡುವಿನ ದೇಹವನ್ನು ಮಣ್ಣಿಗೊಪ್ಪಿಸಲು ಬಿಡುವುದಿಲ್ಲ. ಮೂಗಿನಿಂದ ಹುಳುವೊಂದು ಉದುರಿದಾಗ ಮಾತ್ರ ಬಿಡುತ್ತಾನೆ. ಆ ಹುಳು ಕಾವ್ಯದ ತಿರುಗುಬಿಂದು. ಮನುಷ್ಯ ಸಾಯುತ್ತಾನೆ ಎಂಬ ಸಾಮಾನ್ಯ ಸತ್ಯ ಅಲ್ಲಿ ನನ್ನವನು ಕೊಳೆಯುತ್ತಿದ್ದಾನೆ ಎಂಬ ವಿಶೇಷ ಸತ್ಯವಾಗುತ್ತದೆ. ಅದರ ಮೂಲಕವೇ ನಾನೂ ಹೀಗಾಗುತ್ತೇನೆ ಎಂಬ ಭಯ. ಪ್ರೀತಿಸಿದ ಗೆಳೆಯ ಮಣ್ಣಾದ, ನಾನೂ ಅವನಂತೆ ಮಲಗಿ ಏಳದಿರುವೆನೇ ಎಂಬ ಅಳಲನ್ನು ಅವನು ಮುಂದೆ ಸಿಕ್ಕಿದವರಿಗೆಲ್ಲ ಅದೇ ಮಾತುಗಳಲ್ಲಿ ಹೇಳುತ್ತಾನೆ. ಮೌಖಿಕ ಕಾವ್ಯದ ಪುನರುಕ್ತಿಯೆಂದು ಇದನ್ನು ಬದಿಗಿಡಬಹುದು. ಆದರೆ ದುಃಖಿತನ ಮಾತಿನ ಲಕ್ಷಣವೂ ಇದೇ ಅಲ್ಲವೇ? ಅವನು ಒಂದೇ ಮಾತನ್ನು ಎಲ್ಲರಿಗೂ ಹೇಳುತ್ತಾನೆ.

ಕೀರ್ತಿಯ ಪರಿಹಾರ ಇಲ್ಲಿ ಎರಡು ರೀತಿಯಲ್ಲಿ ಕುಸಿದಿದೆ. ಹೆಸರು ಗಳಿಸಲೆಂದು ಮಾಡಿದ ಸಾಹಸವೇ ಎಂಕಿಡುವಿನ ಸಾವಿಗೆ ಕಾರಣ. ಮತ್ತು ಆ ಹೆಸರು ಹೆಣದ ಮುಂದೆ ಯಾವ ಸಾಂತ್ವನವನ್ನೂ ಕೊಡಲಾರದು. ಗಿಲ್ಗಮೇಶನ ಸಂಕಟದಲ್ಲಿ ಹೊಣೆಗಾರಿಕೆಯ ಭಾರವೂ ಬೆರೆತಿದೆಯೆಂಬುದನ್ನು ಮರೆಯುವಂತಿಲ್ಲ.

೪

ಮುಂದಿನದು ಅನ್ವೇಷಣೆ. ಪ್ರಳಯದಿಂದ ಪಾರಾಗಿ ದೇವತೆಗಳಿಂದ ಅಮರತ್ವ ಪಡೆದ ಉತನಪಿಶ್ತಿಯನ್ನು ಹುಡುಕಿಕೊಂಡು, ತೊಗಲನ್ನುಟ್ಟು, ಸೂರ್ಯನ ದಾರಿಯ ಕಗ್ಗತ್ತಲೆಯನ್ನು ಹಾದು ಅವನು ಕಡಲ ದಂಡೆಯಲ್ಲಿರುವ ಪಾನಗೃಹದ ಒಡತಿಯ ಬಳಿಗೆ ಬರುತ್ತಾನೆ. ಅವಳ ಹೆಸರು ಸಿದುರಿ ಎಂದು ಪರಿಷ್ಕೃತ ರೂಪ ತಿಳಿಸುತ್ತದೆ.

೧೯೦೨ರಲ್ಲಿ ಪ್ರಕಟವಾದ ಪ್ರಾಚೀನ ಬ್ಯಾಬಿಲೋನಿಯನ್ ತುಣುಕೊಂದರಲ್ಲಿ ಅವಳು ಕೊಡುವ ಉಪದೇಶ ಪ್ರಸಿದ್ಧವಾಗಿದೆ. ಮನುಷ್ಯರಿಗೆ ದೇವತೆಗಳು ಸಾವನ್ನೇ ಹಂಚಿದ್ದಾರೆ. ಉಣ್ಣು, ನಲಿ, ಮಿಂದು ಮಡಿಯುಡು, ಕೈಹಿಡಿದ ಮಗುವನ್ನು ನೋಡಿಕೋ, ಮಡದಿಯನ್ನು ಸಂತೋಷಪಡಿಸು ಎಂಬುದು ಅದರ ತಾತ್ಪರ್ಯ. ಕಠೋಪನಿಷತ್ತಿನಲ್ಲಿ ಯಮ ನಚಿಕೇತನ ಮುಂದೆ ಒಡ್ಡುವ ಪಟ್ಟಿಯೊಡನೆ ಇದನ್ನಿಟ್ಟು ನೋಡಬೇಕು. ಅಲ್ಲಿಯೂ ಮಕ್ಕಳು ಮೊಮ್ಮಕ್ಕಳು, ಸ್ತ್ರೀಯರು, ಸಂಪತ್ತು, ದೀರ್ಘಾಯುಸ್ಸು ಇವೆ. ಅಲ್ಲಿ ಅವು ಆಮಿಷ, ಇಲ್ಲಿ ವಿವೇಕ. ನಚಿಕೇತ ಅವುಗಳನ್ನು ತಿರಸ್ಕರಿಸುವುದು ಅವು ನಶ್ವರವಾದ್ದರಿಂದ. ಗಿಲ್ಗಮೇಶನೂ ತಿರಸ್ಕರಿಸುತ್ತಾನೆ, ಆದರೆ ಕಾರಣ ಬೇರೆ. ಗೆಳೆಯನಿಗಾಗಿ ಮನಸ್ಸು ಬೇಯುತ್ತಿರುವಾಗ ಈ ಮಾತೇಕೆ ಎಂಬುದು ಅವನ ಉತ್ತರದ ಸಾರ. ಉಪದೇಶ ಸುಳ್ಳೆಂದು ಅವನು ಹೇಳುವುದಿಲ್ಲ. ತನಗೆ ತಾಕಲಿಲ್ಲ ಎನ್ನುತ್ತಾನೆ. ಸರಿಯಾದ ಮಾತು ಸಲ್ಲದ ಹೊತ್ತಿನಲ್ಲಿ ಬಂದರೆ ಏನಾಗುತ್ತದೆಂಬುದನ್ನು ಹಳೆಯ ಕವಿ ಚೆನ್ನಾಗಿ ಬಲ್ಲ.

ಪರಿಷ್ಕೃತ ರೂಪದಲ್ಲಿ ಈ ಉಪದೇಶವೇ ಇಲ್ಲ. ಅಲ್ಲಿ ಸಿದುರಿ ದಾರಿಯನ್ನಷ್ಟೇ ತೋರಿಸುತ್ತಾಳೆ; ಅಂಬಿಗ ಉರ್‌ಶನಬಿಯನ್ನು ಕಾಣುವಂತೆ ಹೇಳುತ್ತಾಳೆ. ಕಾವ್ಯದ ಅತ್ಯಂತ ಮಾನವೀಯವಾದ ಮಾತನ್ನು ಪರಿಷ್ಕಾರಕ ಏಕೆ ಕೈಬಿಟ್ಟ? ಒಂದು ಸಾಧ್ಯತೆಯನ್ನು ಸೂಚಿಸಬಹುದು. ಅಲ್ಲಿ ಉತ್ತರ ಬಂದುಬಿಟ್ಟರೆ ಮುಂದಿನ ಪಯಣ ಕೇವಲ ಹಟವಾಗುತ್ತದೆ. ದುಃಖಿತನಿಗೆ ಉತ್ತರವನ್ನು ಇತರರು ಕೊಡಲಾಗದು, ಅವನೇ ನಡೆದು ತಲುಪಬೇಕು ಎಂಬುದು ಪರಿಷ್ಕಾರಕನ ನಿಲುವಾಗಿರಬೇಕು. ಅದೇ ಕಾರಣಕ್ಕೆ ಉತನಪಿಶ್ತಿಯ ತತ್ತ್ವೋಪದೇಶವೂ, ಸಾವಿನ ಮುಖವನ್ನು ಯಾರೂ ಕಂಡಿಲ್ಲವೆಂಬ ಅವನ ಗಂಭೀರವಾದ ಮಾತೂ, ಗಿಲ್ಗಮೇಶನನ್ನು ಬದಲಿಸುವುದಿಲ್ಲ. ಅವನನ್ನು ಮುಟ್ಟುವುದು ರೊಟ್ಟಿಗಳು. ಆರು ಹಗಲು ಏಳು ರಾತ್ರಿ ಎಚ್ಚರವಾಗಿರು ಎಂಬ ಪರೀಕ್ಷೆಯಲ್ಲಿ ಅವನು ಕುಳಿತಲ್ಲೇ ನಿದ್ದೆಹೋಗುತ್ತಾನೆ. ಉತನಪಿಶ್ತಿಯ ಹೆಂಡತಿ ದಿನಕ್ಕೊಂದರಂತೆ ರೊಟ್ಟಿ ಸುಟ್ಟು ತಲೆದೆಸೆಯಲ್ಲಿಡುತ್ತಾಳೆ. ಎದ್ದಾಗ ಮೊದಲ ರೊಟ್ಟಿ ಒಣಗಿದೆ, ಕೊನೆಯದು ಇನ್ನೂ ಕೆಂಡದ ಮೇಲಿದೆ. ಗೆಳೆಯನ ಹೆಣವನ್ನು ಕಾದ ಅಷ್ಟೇ ದಿನಗಳು ಇಲ್ಲಿ ನಿದ್ದೆಯಲ್ಲಿ ಕಳೆದಿವೆ. ನಿದ್ದೆಯನ್ನೇ ಗೆಲ್ಲಲಾರದವನು ಸಾವನ್ನು ಗೆಲ್ಲುವುದೆಲ್ಲಿ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

೫

ಬರಿಗೈಯಲ್ಲಿ ಹೊರಟವನಿಗೆ ಉತನಪಿಶ್ತಿ ಹೆಂಡತಿಯ ಮಾತಿನಂತೆ ಒಂದು ರಹಸ್ಯವನ್ನು ತಿಳಿಸುತ್ತಾನೆ. ನೀರಿನ ಆಳದಲ್ಲಿ ಮುಳ್ಳಿನ ಗಿಡವೊಂದಿದೆ. ಅದು ಅಮರತ್ವವನ್ನಲ್ಲ, ಮರಳಿ ಯೌವನವನ್ನು ಕೊಡುವಂಥದು. ಕಾಲಿಗೆ ಕಲ್ಲು ಕಟ್ಟಿ ಮುಳುಗಿ ಅದನ್ನು ತಂದ ಗಿಲ್ಗಮೇಶ್ ಕೂಡಲೇ ತಿನ್ನುವುದಿಲ್ಲ. ಉರುಕಿಗೆ ಒಯ್ದು ಮೊದಲು ಒಬ್ಬ ಮುದುಕನಿಗೆ ತಿನ್ನಿಸಿ ನೋಡುತ್ತೇನೆ ಎನ್ನುತ್ತಾನೆ. ಇದನ್ನು ಅಳುಕೆಂದೂ ಓದಬಹುದು. ಆದರೆ ನಗರವನ್ನು ತೊರೆದುಬಂದವನ ಬಾಯಲ್ಲಿ ನಗರದ ಹೆಸರು ಮರಳಿ ಬಂದಿದೆ, ತನ್ನೊಬ್ಬನ ಭಯದ ಆಚೆಗೆ ಮತ್ತೊಬ್ಬ ಮನುಷ್ಯ ಅವನ ಕಣ್ಣಿಗೆ ಬಿದ್ದಿದ್ದಾನೆ ಎಂಬುದು ಹೆಚ್ಚು ಮಹತ್ವದ್ದು. ದಾರಿಯಲ್ಲಿ ತಂಪಾದ ಕೊಳವೊಂದನ್ನು ಕಂಡು ಮೀಯಲು ಇಳಿದಾಗ ಹಾವೊಂದು ಗಿಡವನ್ನು ಕದ್ದು, ಪೊರೆ ಕಳಚಿ ಮರೆಯಾಗುತ್ತದೆ.

ಈ ಪ್ರಸಂಗವನ್ನು ಓದುವ ಭಾರತೀಯ ಓದುಗನಿಗೆ ಮಹಾಭಾರತದ ಆದಿಪರ್ವ ನೆನಪಾಗದಿರದು. ತಾಯಿಯ ದಾಸ್ಯವನ್ನು ಬಿಡಿಸಲು ಗರುಡ ಅಮೃತವನ್ನು ತಂದು ದರ್ಭೆಯ ಮೇಲಿಡುತ್ತಾನೆ. ಹಾವುಗಳು ಮಿಂದು ಬರಲು ಹೋದಾಗ ಇಂದ್ರ ಅದನ್ನು ಒಯ್ಯುತ್ತಾನೆ. ಮರಳಿದ ಹಾವುಗಳು ದರ್ಭೆಯನ್ನು ನೆಕ್ಕಿ ನಾಲಗೆ ಸೀಳಿಕೊಳ್ಳುತ್ತವೆ. ಒಂದರಲ್ಲಿ ಮನುಷ್ಯ ಮೀಯಲು ಹೋದಾಗ ಹಾವು ಗಳಿಸಿತು. ಇನ್ನೊಂದರಲ್ಲಿ ಹಾವುಗಳು ಮೀಯಲು ಹೋದಾಗ ತಾವೇ ಕಳೆದುಕೊಂಡವು. ಪೊರೆ ಕಳಚುವ ಹಾವು ಸಾವನ್ನು ಗೆದ್ದಿದೆ ಎಂಬ ಭಾವನೆ ಪಂಚವಿಂಶ ಬ್ರಾಹ್ಮಣದಲ್ಲಿಯೂ ಇದೆ. ಈ ಸಾಮ್ಯಗಳಿಂದ ಪ್ರಭಾವ, ಎರವಲುಗಳ ತೀರ್ಮಾನಕ್ಕೆ ಜಿಗಿಯಬೇಕಾಗಿಲ್ಲ. ಹಾವಿನ ಪೊರೆಯನ್ನು ಕಂಡ ಯಾವ ಜನಾಂಗಕ್ಕೂ ಈ ಕಲ್ಪನೆ ಬರಬಹುದು. ಗಮನಿಸಬೇಕಾದದ್ದು ಇಷ್ಟೇ: ಎರಡೂ ಕಡೆ ಅಮರತ್ವ ಕೈತಪ್ಪುವುದು ಮಹಾಪರಾಧದಿಂದಲ್ಲ, ಸ್ನಾನದಂಥ ನಿತ್ಯಕರ್ಮದ ನಡುವೆ. ಮೆಸೊಪೊಟೇಮಿಯದ್ದೇ ಆದ ಅದಪನ ಕಥೆಯಲ್ಲಿಯೂ, ಸಾವಿನ ಅನ್ನವೆಂದು ತಿಳಿದು ಅವನು ಬೇಡವೆಂದದ್ದು ಜೀವದ ಅನ್ನವೇ ಆಗಿತ್ತು. ಅಲ್ಲಿಯೂ ಪಾಪವಿಲ್ಲ; ಕೊಟ್ಟ ಸಲಹೆಯನ್ನು ಪಾಲಿಸಿದ್ದಷ್ಟೇ. ಮರಣವನ್ನು ಶಿಕ್ಷೆಯೆಂದು ಕಾಣದ ಪುರಾಣಗಳಿವು.

ಆದಿಪರ್ವದಲ್ಲಿಯೇ ಬರುವ ರುರುವಿನ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಮದುವೆಗೆ ಮೊದಲೇ ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ರುರು ತನ್ನ ಆಯುಸ್ಸಿನ ಅರ್ಧವನ್ನು ಕೊಟ್ಟು ಬದುಕಿಸುತ್ತಾನೆ. ಕಥೆ ಅಲ್ಲಿಗೆ ಮುಗಿಯದು. ಪ್ರಿಯೆ ಮರಳಿ ಬಂದರೂ ಅವನ ಸಂಕಟ ಶಮನವಾಗದೆ ಕೋಪವಾಗಿ ತಿರುಗುತ್ತದೆ; ಕಂಡಕಂಡ ಹಾವುಗಳನ್ನೆಲ್ಲ ಕೊಲ್ಲುತ್ತಾ ಹೋಗುತ್ತಾನೆ. ಡುಂಡುಭವೆಂಬ ವಿಷರಹಿತ ಹಾವು ಅವನನ್ನು ತಡೆದು ಅಹಿಂಸೆಯನ್ನು ಬೋಧಿಸಬೇಕಾಗುತ್ತದೆ. ಶಾಂತಿಪರ್ವದಲ್ಲಿ, ಮಡಿದುಬಿದ್ದ ರಾಜರನ್ನು ನೆನೆದು ಸಾವು ಎಲ್ಲಿಂದ ಬಂತೆಂದು ಕೇಳುವ ಯುಧಿಷ್ಠಿರನಿಗೆ ಭೀಷ್ಮ ಹೇಳುವುದು ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಅಕಂಪನ ರಾಜನ ಕಥೆಯನ್ನು. ಅದರಲ್ಲಿ ಮೃತ್ಯು ಒಬ್ಬ ಹೆಣ್ಣು. ಕೊಲ್ಲುವ ಕೆಲಸವನ್ನು ಒಲ್ಲೆನೆಂದು ಅಳುವವಳು. ಅವಳ ಕಣ್ಣೀರೇ ರೋಗಗಳಾದವು. ಬೌದ್ಧ ಪರಂಪರೆಯ ಕಿಸಾಗೋತಮಿಯೂ ಸತ್ತ ಕೂಸನ್ನೆತ್ತಿಕೊಂಡು ಸಾವಿಲ್ಲದ ಮನೆಯ ಸಾಸಿವೆಗಾಗಿ ಬಾಗಿಲಿಂದ ಬಾಗಿಲಿಗೆ ಅಲೆದವಳು. ಹೆಣವನ್ನು ಬಿಟ್ಟುಕೊಡದ ಅವಳ ಹಟ ಗಿಲ್ಗಮೇಶನ ಹಟವೇ. ಬುದ್ಧ ಅವಳಿಗೆ ತತ್ತ್ವವನ್ನು ಹೇಳದೆ ನಡೆಯಲು ಹಚ್ಚಿದನು ಎಂಬುದು ಇಲ್ಲಿ ವಿಶೇಷವಾಗಿ ಗಮನಾರ್ಹ. ಗಿಲ್ಗಮೇಶನನ್ನು ಇವರ ಸಾಲಿನಲ್ಲಿ ಕೂರಿಸಿ ನೋಡಬೇಕೇ ಹೊರತು ನಚಿಕೇತನ ಪಕ್ಕದಲ್ಲಲ್ಲ. ದುಃಖಿಸುವುದೇ ಅಜ್ಞಾನವೆಂದು ಹೇಳುವ ದರ್ಶನಧಾರೆ ನಮ್ಮಲ್ಲಿ ಪ್ರಬಲವಾಗಿದೆಯೆಂಬುದು ನಿಜ. ದುಃಖಕ್ಕೆ ಅದರದೇ ದಾರಿಯುಂಟೆಂದು ಒಪ್ಪುವ ಕಥನಧಾರೆಯೂ ಅಷ್ಟೇ ಪ್ರಾಚೀನವಾಗಿ ನಮ್ಮಲ್ಲಿದೆ.

೬

ಗಿಡವನ್ನು ಕಳೆದುಕೊಂಡು ಅತ್ತ ಗಿಲ್ಗಮೇಶ್ ಉರ್‌ಶನಬಿಯೊಡನೆ ಉರುಕಿಗೆ ಮರಳುತ್ತಾನೆ. ಕೋಟೆಯನ್ನು ಹತ್ತಿ ನೋಡೆಂದು ಅಂಬಿಗನಿಗೆ ಹೇಳುವಲ್ಲಿ ಹನ್ನೊಂದನೆಯ ಫಲಕ ಮುಗಿಯುತ್ತದೆ. ಮನುಷ್ಯ ಅಳಿದರೂ ಅವನ ಕೃತಿ ಉಳಿಯುತ್ತದೆ, ಕೋಟೆಯೇ ಅವನ ಅಮರತ್ವ ಎಂದು ಇದನ್ನು ಅರ್ಥೈಸುವುದು ವಾಡಿಕೆ. ಈ ವ್ಯಾಖ್ಯಾನವನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಹಾಗಾದರೆ ಹುಂಬಾಬನ ಕಾಡಿಗೆ ಹೊರಟಾಗಿನ ಕೀರ್ತಿಯ ಹಂಬಲಕ್ಕೇ ಅವನು ಮರಳಿದಂತಾಗುತ್ತದೆ. ಎಂಕಿಡುವಿನ ಸಾವು ಅವನಿಗೆ ಏನನ್ನೂ ಕಲಿಸಲಿಲ್ಲವೆಂದಾಗುತ್ತದೆ.

ಆ ಮಾತಿನ ವಿವರಗಳನ್ನು ನೋಡಬೇಕು. ಅದರಲ್ಲಿ ಅವನ ಹೆಸರಿಲ್ಲ. ಕೋಟೆಯ ಅಡಿಪಾಯವನ್ನು ಹಾಕಿದವರು ಏಳು ಜ್ಞಾನಿಗಳು ಎಂದು ಅವನೇ ಹೇಳುತ್ತಾನೆ. ಬಳಿಕ ಅಳತೆ ಬರುತ್ತದೆ: ಒಂದು ಪಾಲು ನಗರ, ಒಂದು ಪಾಲು ಖರ್ಜೂರದ ತೋಪು, ಒಂದು ಪಾಲು ಜೇಡಿಮಣ್ಣಿನ ಗುಂಡಿ, ಅರ್ಧ ಪಾಲು ಇಶ್ತಾರಳ ಗುಡಿ. ಮನೆ, ಆಹಾರ, ಮಣ್ಣು, ದೇವರು. ಇದು ಸ್ಮಾರಕದ ವರ್ಣನೆಯಲ್ಲ, ಜನ ಬಾಳುತ್ತಿರುವ ಊರಿನ ಲೆಕ್ಕ. ಅದರಲ್ಲಿ ಮಣ್ಣಿನ ಗುಂಡಿಗೆ ನಗರದಷ್ಟೇ ಪಾಲು ಇರುವುದು ಅರ್ಥಪೂರ್ಣವಾಗಿದೆ. ಎಂಕಿಡು ಹುಟ್ಟಿದ್ದು ಜೇಡಿಮಣ್ಣಿನಿಂದ, ಸೇರಿದ್ದೂ ಮಣ್ಣನ್ನೇ. ಗೆಳೆಯ ಮಣ್ಣಾದನೆಂದು ಊರೂರು ಅಲೆದು ಅತ್ತವನು ಕೊನೆಗೆ ಆ ಮಣ್ಣನ್ನೇ ಊರಿನ ಸಂಪತ್ತಾಗಿ ಎಣಿಸುತ್ತಾನೆ. ಕೋಟೆಯ ಇಟ್ಟಿಗೆ ಆ ಮಣ್ಣಿನದು; ಕಾವ್ಯವನ್ನು ಬರೆದ ಫಲಕವೂ ಅಂಥದೇ ಮಣ್ಣಿನದು. ಶೋಕವನ್ನು ಗೆದ್ದೆನೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಮಣ್ಣು ಎಂಬ ಪದ ಅವನ ಬಾಯಲ್ಲಿ ಪಡೆದ ಹೊಸ ಅರ್ಥವೇ ಅದನ್ನು ಹೇಳುತ್ತದೆ.

ಪರಿಷ್ಕಾರಕ ಮಾಡಿದ ಸೇರ್ಪಡೆಯೂ ಇದನ್ನೇ ಸಮರ್ಥಿಸುತ್ತದೆ. ಹಳೆಯ ಕಾವ್ಯ ದೊರೆಯ ಪರಾಕ್ರಮದ ಸ್ತುತಿಯಿಂದ ಮೊದಲಾಗುತ್ತಿತ್ತು. ಅದರ ಮುಂದೆ ಅವನು ೨೮ ಸಾಲುಗಳನ್ನು ಹೊಸದಾಗಿ ಇರಿಸಿದ್ದಾನೆ. ಅವುಗಳಲ್ಲಿ ಗಿಲ್ಗಮೇಶ್ ಆಳವನ್ನು ಕಂಡವನು, ದಣಿದು ಮರಳಿದವನು, ಪ್ರಳಯಕ್ಕೆ ಮುಂಚಿನ ಅರಿವನ್ನು ಹೊತ್ತುತಂದವನು. ಕೊನೆಯಲ್ಲಿ ಉರ್‌ಶನಬಿಗೆ ಹೇಳುವ ಕೋಟೆಯ ಮಾತುಗಳನ್ನೇ ಇಲ್ಲಿ ಓದುಗನಿಗೆ ಹೇಳಲಾಗಿದೆ. ಬಳಿಕ ಪೆಟ್ಟಿಗೆಯನ್ನು ತೆರೆದು ಫಲಕವನ್ನು ಕೈಗೆತ್ತಿಕೊಂಡು ಅವನು ಪಟ್ಟ ಪಾಡನ್ನು ಓದೆಂದು ಸೂಚಿಸಲಾಗಿದೆ. ಪರಾಕ್ರಮವಲ್ಲ, ಪಾಡು. ವೀರಗಾಥೆಯೊಂದನ್ನು ಪರಿಷ್ಕಾರಕ ಅನುಭವಕಥನವಾಗಿ ತಿರುಗಿಸಿದ್ದಾನೆ. ಸಿದುರಿಯ ಉಪದೇಶ ಹೊರಟುಹೋದ ಕಡೆ ಓದು ಎಂಬ ಕರೆ ಬಂದಿದೆ.

ಹನ್ನೆರಡನೆಯ ಫಲಕವನ್ನು ಹೊಂದದ ಬಾಲವೆಂದು ಹಲವರು ತಳ್ಳಿಹಾಕುತ್ತಾರೆ. ಸತ್ತ ಎಂಕಿಡು ಅದರಲ್ಲಿ ಮತ್ತೆ ಬದುಕಿರುವುದರಿಂದ ಕಥಾಸಂಗತಿ ಕೆಡುತ್ತದೆಂಬುದು ದಿಟ. ಆದರೆ ಅದರ ವಸ್ತುವನ್ನು ನೋಡಿದರೆ ಅದನ್ನು ಜೋಡಿಸಿದವರ ಇಂಗಿತ ಹೊಳೆಯುತ್ತದೆ. ಪಾತಾಳವನ್ನು ಕಂಡ ಎಂಕಿಡು ಅಲ್ಲಿ ಯಾರ ಸ್ಥಿತಿ ಹೇಗಿದೆಯೆಂದು ವರದಿ ಮಾಡುತ್ತಾನೆ. ಮಕ್ಕಳು ಹೆಚ್ಚಿದಷ್ಟೂ ಸತ್ತವನ ಪಾಡು ಮೇಲು. ಎಡೆಯಿಡುವವರಿಲ್ಲದವನು ಎಸೆದ ಚೂರುಗಳನ್ನು ತಿನ್ನುತ್ತಾನೆ. ಮೆಸೊಪೊಟೇಮಿಯದಲ್ಲಿ ಸತ್ತವರ ಹೆಸರು ಹೇಳಿ ಅನ್ನ ನೀರುಗಳನ್ನು ಅರ್ಪಿಸುವ ಕಿಸ್ಪು ಎಂಬ ವಿಧಿಯಿತ್ತು. ನಮ್ಮ ಶ್ರಾದ್ಧವನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಸತ್ತವರ ಗತಿ ಉಳಿದವರ ಕೈಯಲ್ಲಿದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ಗೆಳೆಯನನ್ನು ಮರಳಿ ತರಲಾರದವನು ಅವನಿಗಾಗಿ ಮಾಡಬಹುದಾದ ಕೆಲಸ ಊರಿನಲ್ಲಿದೆ; ಅಮರರ ದ್ವೀಪದಲ್ಲಿ ಅದಕ್ಕೆ ಎಡೆಯಿಲ್ಲ.

೭

ಇಷ್ಟು ಚರ್ಚೆಯಿಂದ ಕೆಲವು ಮಾತುಗಳನ್ನು ಒಟ್ಟುಗೂಡಿಸಬಹುದು. ಗಿಲ್ಗಮೇಶ್ ಕಾವ್ಯದಲ್ಲಿ ಮರಣಭಯ ಸ್ವಂತ ಸಾವಿನ ಚಿಂತೆಯಿಂದ ಹುಟ್ಟಿದ್ದಲ್ಲ, ಪ್ರೀತಿಯ ನಷ್ಟದಿಂದ ಹುಟ್ಟಿದ್ದು. ಅಮರತ್ವದ ಅನ್ವೇಷಣೆ ಅಲ್ಲಿ ಶೋಕದ ಇನ್ನೊಂದು ರೂಪ. ಆದ್ದರಿಂದ ಗಿಡ ಕೈತಪ್ಪಿದ್ದನ್ನು ಇಡೀ ಕಾವ್ಯದ ಸೋಲೆಂದು ಪರಿಗಣಿಸಲಾಗದು. ಹೊರಟವನು ತೊಗಲುಟ್ಟು ಮನುಷ್ಯರ ಸಂಗವನ್ನೇ ತೊರೆದವನು. ಮರಳಿದವನು ಜೊತೆಗಾರನೊಬ್ಬನಿಗೆ ತನ್ನ ಊರನ್ನು ತೋರಿಸುವವನು. ಆ ನಡುವಣ ದೂರವೇ ಅನ್ವೇಷಣೆಯ ಫಲ.

ಉರುಕ್ ಇಂದು ದಕ್ಷಿಣ ಇರಾಕಿನಲ್ಲಿ ವಾರ್ಕಾ ಎಂಬ ಹೆಸರಿನ ಮಣ್ಣಿನ ದಿಬ್ಬ. ಸುಮಾರು ಒಂಬತ್ತು ಕಿಲೋಮೀಟರು ಸುತ್ತಳತೆಯ ಅದರ ಕೋಟೆ ಪಾಳುಬಿದ್ದಿದೆ. ಕ್ರಿ.ಪೂ. ೬೧೨ರಲ್ಲಿ ನಿನೆವೆ ನಾಶವಾದಾಗ ಅಲ್ಲಿನ ಫಲಕಗಳು ಮಣ್ಣಿನಡಿ ಹುದುಗಿ, ಅವುಗಳ ಲಿಪಿಯೂ ಕಾಲಕ್ರಮದಲ್ಲಿ ಮರೆತುಹೋಗಿ, ಕೇಳುವವರಿಲ್ಲದೆ ಉಳಿದವು. ದೊರೆಯ ಕೀರ್ತಿಗಾಗಿಯೇ ಬರೆದುದಾಗಿದ್ದರೆ ಅವುಗಳನ್ನು ಓದುವ ಅಗತ್ಯ ಇಂದು ಇತಿಹಾಸಕಾರರಿಗೆ ಮಾತ್ರ ಇರುತ್ತಿತ್ತು. ಯಾರನ್ನಾದರೂ ಕಳೆದುಕೊಂಡವರು ಇಂದಿಗೂ ಅದನ್ನು ತಮ್ಮದೆಂಬಂತೆ ಓದಬಲ್ಲರು. ಮರಣವನ್ನು ಕುರಿತ ನಮ್ಮ ತೌಲನಿಕ ಅಧ್ಯಯನಗಳು ಗೆದ್ದವರನ್ನೂ ಸೋತವರನ್ನೂ ವಿಂಗಡಿಸುವುದನ್ನು ಬಿಟ್ಟು, ಈ ಉಳಿದವರ ಕಥನಗಳತ್ತ ತಿರುಗಬೇಕಾಗಿದೆ. ರುರು, ಅಕಂಪನ, ಕಿಸಾಗೋತಮಿಯರ ಪಕ್ಕದಲ್ಲಿ ಉರುಕಿನ ದೊರೆಗೂ ಅಲ್ಲಿ ಸ್ಥಳವಿದೆ.